ಜಾರಿದ ಅಕ್ಷರಗಳನ್ನು ಹಸನು ಮಾಡುವ ಬಗೆ

ಕಳೆದ ಶ್ರಾವಣದಲ್ಲಿ ನನ್ನ ತಂಗಿಯ ಮೊಮ್ಮಗಳು ಬಾಗಲಕೋಟೆಯಿಂದ ರಾತ್ರಿ ಫೋನು ಮಾಡಿ, “ಆಯಿ, ಹಾಳಿ ಮ್ಯಾಲ ಅಕ್ಷರಾನ ಇಲ್ಲ, ಎಲ್ಲಾ ಕೆಳಗ ಮೂಲ್ಯಾಗ ಕೂಡ್ಯಾವು” ಎಂದು ಅಳುವ ದನಿಯಲ್ಲಿ ಹೇಳಿದಳು. ಗ್ರಂಥಪಾಲಕಿಯಾಗಿ ಕೆಲಸಕ್ಕೆ ಸೇರಿ ಅವಳಿಗಿನ್ನೂ ಆರು ತಿಂಗಳಾಗಿರಲಿಲ್ಲ. ಅಕ್ಷರಗಳು ಹರಿದಾಡುವುದನ್ನು ಕಂಡು ಗೆದ್ದಲೆಂದು ತಿಳಿದ ಹುಡುಗಿ ಕಪಾಟಿಗೆಲ್ಲ ಔಷಧ ಹೊಡೆದು, ಸಂದುಗೊಂದಿಗೆ ಡಾಂಬರು ಗುಳಿಗೆ ತುಂಬಿದ್ದಳು. ಅಷ್ಟೂ ಸಾಲದೆಂಬಂತೆ ಮೊಬೈಲಿನಲ್ಲಿ ಆ ಹಾಳೆಯ ಚಿತ್ರ ತೆಗೆದು ನನಗೆ ಕಳಿಸಿದ್ದಳು. ಚಿತ್ರದಲ್ಲಿದ್ದುದು ಬರಿಯ ಬಿಳಿ ಹಾಳೆ. ನಮ್ಮ ಮನೆತನದ ಕೈಗುಣ ಅವಳಿಗೆ ಇಳಿದುಬಂತೆಂದು ಹಿಗ್ಗಬೇಕೋ, ಚಿಕ್ಕಂದಿನಿಂದ ನನ್ನ ಎದುರಿಗೇ ಕುಳಿತು ನೋಡಿಯೂ ಏನನ್ನೂ ಕಲಿಯಲಿಲ್ಲವಲ್ಲ ಎಂದು ಸಿಟ್ಟಾಗಬೇಕೋ ತಿಳಿಯದೆ, ಇನ್ನು ಬರೆದೇ ಇಡಬೇಕೆಂದು ಕುಳಿತಿದ್ದೇನೆ.

ಈ ಕೈಗುಣ ಒಂದು ತಲೆಮಾರು ಹಾರಿ ಬರುತ್ತದೆ. ಮುಚ್ಚಿದ ಪುಸ್ತಕದ ಮೇಲೆ ಅಂಗೈ ಇಟ್ಟಾಗ ರಟ್ಟು ಮಲಗಿದ ಬೆಕ್ಕಿನ ಮೈಯಂತೆ ಬೆಚ್ಚಗಾದರೆ ಬಂದಿದೆ ಎಂದೇ ಅರ್ಥ. ಕೈಗುಣವುಳ್ಳವರು ಮುಟ್ಟಿದ ಪುಸ್ತಕವು ಓದುಗನಿಗೆ ಯಾವ ಪುಟ ಬೇಕೋ ಅದೇ ಪುಟಕ್ಕೆ ತಾನಾಗಿ ತೆರೆದುಕೊಳ್ಳುತ್ತದೆ. ಇದು ಲಾಭದ ಮಾತು. ಆದರೆ ಎಚ್ಚರಗೊಂಡ ಅಕ್ಷರಗಳು ಎಳೆಯ ಮಕ್ಕಳಿದ್ದಂತೆ, ಕೂರಿಸಿದಲ್ಲಿ ಕೂರುವುದಿಲ್ಲ. ಬೆನ್ನಿಗೆ 894.814 ಎಂದು ಚೀಟಿ ಅಂಟಿಸಿದರೆ ಕನ್ನಡ ಸಾಹಿತ್ಯದ ಪುಸ್ತಕವೇನೋ ಕಪಾಟಿನಲ್ಲಿ ತನ್ನ ಜಾಗ ಸೇರುತ್ತದೆ; ಒಳಗಿನ ಅಕ್ಷರ ತನ್ನ ಸಾಲಿನಲ್ಲಿ ನಿಲ್ಲುವುದಕ್ಕೆ ಆ ಚೀಟಿಯಿಂದ ಉಪಯೋಗವಿಲ್ಲ.

ಜಾರಿದ ಅಕ್ಷರಗಳನ್ನು ಮೇಲಕ್ಕೆ ತರುವ ವಿದ್ಯೆ ಜೋಳ ಹಸನು ಮಾಡುವ ವಿದ್ಯೆಯೇ ಆಗಿದೆ, ಮತ್ತು ಮೊರ ಹಿಡಿಯಲು ಬಾರದವರಿಗೆ ಇದೂ ಬರುವುದಿಲ್ಲ. ಫ್ಯಾನು ಆರಿಸಿ, ಕಿಟಕಿ ಮುಚ್ಚಿ, ನೆಲದ ಮೇಲೆ ಕಾಲು ಚಾಚಿ ಕುಳಿತುಕೊಳ್ಳಬೇಕು. ತೊಡೆಯ ಮೇಲೆ ಮೊರವಿಟ್ಟು, ಅದರಲ್ಲಿ ಪುಸ್ತಕವನ್ನು ಜಾರಿದ ಪುಟಕ್ಕೆ ತೆರೆದು, ಅಕ್ಷರಗಳು ಕೂಡಿರುವ ಮೂಲೆ ನಿಮ್ಮ ಹೊಟ್ಟೆಯ ಕಡೆಗೆ ಬರುವಂತೆ ತಿರುಗಿಸಿಕೊಳ್ಳಬೇಕು. ಆಮೇಲೆ ಮಣಿಕಟ್ಟಿನಿಂದ ಮಾತ್ರ, ತೋಳನ್ನು ಅಲುಗಿಸದೆ, ಮೂರು ಸಣ್ಣ ಕೊಡಹು ಕೊಟ್ಟು ಒಂದು ಉಸಿರಿನಷ್ಟು ಹೊತ್ತು ಸುಮ್ಮನಿರಬೇಕು. ಮತ್ತೆ ಮೂರು, ಮತ್ತೆ ಸುಮ್ಮನೆ. ಮೊದಲು ಮೇಲೇರುವವು ಸೊನ್ನೆಗಳು, ಅವು ಸಾಸಿವೆಯಂತೆ ಉರುಳುತ್ತವೆ. ಒತ್ತಕ್ಷರಗಳು ಹೊಟ್ಟಿನಷ್ಟು ಹಗುರವಾದ್ದರಿಂದ ಅವಸರದ ಕೈಯಾದರೆ ಹಾರಿಯೇ ಹೋಗುತ್ತವೆ. ನನ್ನ ಮೊಮ್ಮಗಳು ಮೊದಲ ಸಲ ಹೀಗೆ ಕೊಡಹಿದಾಗ ಒಂದು ಇಡೀ ಪುಟದ ಒತ್ತಕ್ಷರಗಳೆಲ್ಲ ಹಾರಿಹೋಗಿ, ‘ಅಕ್ಕ’ ಎಂದಿದ್ದಲ್ಲೆಲ್ಲ ‘ಅಕ’ ಉಳಿದಿತ್ತು. ಅವನ್ನು ಕಸಬರಿಗೆಯಿಂದ ಗುಡಿಸಬಾರದು, ಹಸಿ ಬಟ್ಟೆಯಿಂದ ಒರೆಸಲೂಬಾರದು. ನವಿಲುಗರಿಯಿಂದ ಮೆಲ್ಲಗೆ ಮೊರಕ್ಕೆ ಸರಿಸಿಕೊಳ್ಳಬೇಕು.

ಅಕ್ಷರಗಳು ಸಾಲಿನ ಹತ್ತಿರ ಬಂದ ಮೇಲೆ ಆ ಪುಟದ ಮೊದಲ ಸಾಲನ್ನು ಪಿಸುಮಾತಿನಲ್ಲಿ ಓದಬೇಕು. ತಮ್ಮ ಹೆಸರು ಕೇಳಿ ಅವು ತಮ್ಮ ತಮ್ಮ ಜಾಗಕ್ಕೆ ಕೂಡುತ್ತವೆ. ನಮ್ಮ ವಿಜಯಪುರದ ಗೋಳಗುಮ್ಮಟದಲ್ಲಿ ಒಂದು ಪಿಸುಮಾತು ಗೋಡೆಯಗುಂಟ ಹರಿದು ಆಚೆ ಬದಿಗೆ ಸ್ಪಷ್ಟವಾಗಿ ಕೇಳಿಸುತ್ತದೆ, ಆದರೂ ಹೋದವರೆಲ್ಲ ಅಲ್ಲಿ ಗಂಟಲು ಹರಿಯುವಂತೆ ಕೂಗುತ್ತಾರೆ. ಪುಸ್ತಕದ ಮುಂದೆಯೂ ಈಗಿನವರು ಮಾಡುವುದು ಅದನ್ನೇ. ಕೂಗಿದರೆ ಅಕ್ಷರಗಳು ಹೆದರಿ ಹಿಂದಿನ ಪುಟಕ್ಕೆ ದಾಟುತ್ತವೆ.

ಇಷ್ಟಾದ ಮೇಲೆ ಪುಸ್ತಕವನ್ನು ಎಳೆಬಿಸಿಲಿನ ಹೊತ್ತಿಗೆ ಬೇವಿನ ಮರದ ನೆರಳಿನಲ್ಲಿ ಆರಲು ಇಡಬೇಕು. ನಡುಹಗಲಿನ ಬಿಸಿಲಿಗೆ ಇಟ್ಟರೆ ಶಾಯಿ ಮಾಸಿ ಹಾಳೆ ಹಪ್ಪಳವಾಗುತ್ತದೆ. ಬೆಚ್ಚಗಿರುವಾಗಲೇ ಕಟ್ಟಿ ಒಳಗಿಡುವುದೂ ತಪ್ಪು. ಬಿಸಿ ರೊಟ್ಟಿಯನ್ನು ಹಾಗೆಯೇ ಡಬ್ಬಿಗೆ ತುಂಬಿ ಮುಚ್ಚಳ ಹಾಕಿದರೆ ಬೆವರಿ ಬೂಸು ಬರುತ್ತದೆಂದು ಈ ಹುಡುಗಿಗೆ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ, ಕಟಕ ರೊಟ್ಟಿ ತಿಂಗಳುಗಟ್ಟಲೆ ಉಳಿಯುವುದು ಪೂರ್ತಿ ಆರಿಸಿ ಪೇರಿಸಿದರೆ ಮಾತ್ರ. ಪುಸ್ತಕದ ಮಾತೂ ಬೇರೆಯಲ್ಲ.

ಸುತ್ತುವುದಕ್ಕೆ ಹಳೆಯ ನೂಲಿನ ಇಳಕಲ್ ಸೀರೆಯೇ ಆಗಬೇಕು. ಹೊಸ ಸೀರೆಯ ಗಂಜಿಗೆ ಹುಳು ಬರುತ್ತದೆ, ಆದ್ದರಿಂದ ಉಟ್ಟು ಒಗೆದು ಮೆತ್ತಗಾದ ಒಡಲಿನ ಭಾಗವನ್ನಷ್ಟೇ ತೆಗೆದುಕೊಂಡು, ಸೆರಗಿಗೆ ಕೊಂಡಿ ಹಾಕಿ ಕೂಡಿಸಿದ ಜಾಗವನ್ನು ಬಿಟ್ಟುಬಿಡಬೇಕು. ಮಡಿಕೆಯಲ್ಲಿ ಎರಡು ಬೆರಳಿನಷ್ಟು ಬಜೆ ಮತ್ತು ನೆರಳಿನಲ್ಲಿ ಒಣಗಿಸಿದ ಒಂದು ಹಿಡಿ ಬೇವಿನೆಲೆ ಇಟ್ಟರೆ ಸಾಕು. ಹಸಿ ಎಲೆ ಇಟ್ಟು ಹಾಳೆಗೆ ಕಲೆ ಮಾಡಿಕೊಂಡವರು ನನ್ನ ಬಳಿ ಬರಬೇಡಿ. ಹರಿದ ಹಾಳೆಗೆ ಸೆಲ್ಲೋಟೇಪು ಹಚ್ಚುವವರಿಗಂತೂ ನಾನು ಉತ್ತರವನ್ನೇ ಕೊಡುವುದಿಲ್ಲ.

ನನ್ನ ಆಯಿ ಈ ಗಂಟನ್ನು ವರ್ಷಕ್ಕೊಮ್ಮೆ ಖಂಡೇನವಮಿಯ ದಿನ ತಪ್ಪದೆ ಬಿಚ್ಚುತ್ತಿದ್ದಳು. ದೇವರ ಜಗಲಿಯ ಮೇಲಿಟ್ಟು, ಮೇಲಿಂದ ಮೇಲೆ ಕುಂಕುಮ ಏರಿಸಿ, ಒಳಗೇನಿದೆಯೆಂದು ಯಾರೂ ನೋಡದ ತಾಡೋಲೆ ಕಟ್ಟುಗಳು ನಮ್ಮ ಸೀಮೆಯ ಮನೆಗಳಲ್ಲಿ ಎಷ್ಟೋ ಇದ್ದವು. ಫ.ಗು. ಹಳಕಟ್ಟಿಯವರು ಇದೇ ಊರಿನಲ್ಲಿದ್ದುಕೊಂಡು ಅಂಥ ಕಟ್ಟುಗಳನ್ನು ಹುಡುಕಿ ತಂದು, ಸ್ವಂತ ಮನೆಯನ್ನೂ ಮಾರಿ 1925ರಲ್ಲಿ ಮುದ್ರಣಾಲಯ ಹಾಕಿ ವಚನಗಳನ್ನು ಅಚ್ಚು ಮಾಡಿಸಿದ್ದರಿಂದ ಅವು ನಮ್ಮ ಕೈಗೆ ಬಂದವು. ಅವರಿಗೆ ನಮ್ಮಂಥ ಕೈಗುಣವೇನೂ ಇರಲಿಲ್ಲವೆಂದೂ, ಅವರು ಕಟ್ಟು ಬಿಚ್ಚಿ ಓದಿದರೆಂದೂ ಆಯಿ ಹೇಳುತ್ತಿದ್ದಳು. ಹಾಗೆ ಹೇಳುವಾಗ ನನ್ನ ಕಡೆ ಒಂದು ನೋಟ ಬೀರುತ್ತಿದ್ದಳು, ಏಕೆಂದರೆ ನಾನು ಗಂಟು ಬಿಚ್ಚದೆ ಮೇಲಿನಿಂದಲೇ ಅಂಗೈ ಇಟ್ಟು ಸುಳ್ಳು ವರದಿ ಕೊಡುತ್ತಿದ್ದೆ.

ಮೊಮ್ಮಗಳು ಈಗ ರವಿವಾರಕ್ಕೊಮ್ಮೆ ಬಂದು ಮೊರ ಹಿಡಿಯುತ್ತಾಳೆ. ಮೊನ್ನೆಯ ಪುಟದಲ್ಲಿ ಎಲ್ಲವೂ ಕೂಡಿ ಒಂದೇ ಒಂದು ‘ಳ’ ಮಾತ್ರ ಸಿಗದೆ ಮನೆಯೆಲ್ಲ ಹುಡುಕಿದಳು. ನಿಮಗೂ ಒಂದು ಅಕ್ಷರ ಕಡಿಮೆ ಬಿದ್ದರೆ ಮೊದಲು ಸೀರೆಯನ್ನು ಬಿಡಿಸಿ ದಡಿಯಗುಂಟ ಬೆರಳಾಡಿಸಿ ನೋಡಿ. ಅದಕ್ಕೆ ಬಾಲವಿರುವುದರಿಂದ ನೂಲಿಗೆ ಸಿಕ್ಕಿಕೊಂಡು ಅಲ್ಲಿಯೇ ಜೋತಾಡುತ್ತಿರುತ್ತದೆ.