ಎರಡು ಕೊಡೆಯಗಲದ ದಾರಿ

ನಮ್ಮ ಓಣಿಗೆ ಫುಟ್‌ಪಾತ್ ಬೇಕು ಎಂದು ನಾನು ಮೊದಲ ಅರ್ಜಿ ಕೊಟ್ಟದ್ದು 2022ರ ಜುಲೈಯಲ್ಲಿ. ಕೊನೆಯ ಚಪ್ಪಡಿ ಕೂತದ್ದು 2025ರ ಫೆಬ್ರವರಿಯಲ್ಲಿ. ಮಂಗಳೂರಿನ ಬೇರೆ ವಾರ್ಡುಗಳವರು ಈಗಲೂ ಅಂಗಡಿಗೆ ಬಂದು "ದುಡ್ಡು ಎಲ್ಲಿಂದ ತಂದಿರಿ?" ಎಂದು ಕೇಳುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನಾನು ಹೊಲಿಗೆ ಅಂಗಡಿ ನಡೆಸುವವಳು. ಅಂಗಡಿಯ ಮುಂದೆಯೇ ಬಸ್‌ ಸ್ಟಾಪಿನಿಂದ ಸರಕಾರಿ ಶಾಲೆಗೆ ಇಳಿಯುವ ರಸ್ತೆ. ಒಂದು ಕಡೆ ಮುರಕಲ್ಲಿನ ಕಂಪೌಂಡು, ಇನ್ನೊಂದು ಕಡೆ ಬಾಯಿ ತೆರೆದ ತೋಡು, ನಡುವೆ ಡಾಮರು. ಮಳೆಗಾಲದಲ್ಲಿ ತೋಡು ತುಂಬಿ ನೀರು ರಸ್ತೆಗೆ ಬಂದರೆ ತೋಡು ಎಲ್ಲಿ ಮುಗಿಯಿತು, ರಸ್ತೆ ಎಲ್ಲಿ ಶುರುವಾಯಿತು ಎಂದು ಗೊತ್ತಾಗುವುದಿಲ್ಲ. ಆ ವರ್ಷದ ಜುಲೈಯಲ್ಲಿ ಐದನೇ ಕ್ಲಾಸಿನ ಹುಡುಗಿಯೊಬ್ಬಳು ಬಸ್ಸಿಗೆ ದಾರಿ ಕೊಡಲು ಪಕ್ಕಕ್ಕೆ ಸರಿದು ತೋಡಿಗೆ ಬಿದ್ದಳು. ಎದುರಿನ ಮನೆಯವರು ಕೈ ಹಿಡಿದು ಎಳೆದರು. ಕೈ ಮುರಿಯಿತು, ಜೀವ ಉಳಿಯಿತು. ಅವಳ ಯೂನಿಫಾರ್ಮು ಹೊಲಿದದ್ದು ನಾನೇ. ಆ ವಾರವೇ ಅರ್ಜಿ ಬರೆದೆ.

ಆ ಮೊದಲ ಅರ್ಜಿಯಲ್ಲಿ "ಮಕ್ಕಳಿಗೆ ತೊಂದರೆಯಾಗುತ್ತಿದೆ, ದಯವಿಟ್ಟು ಫುಟ್‌ಪಾತ್ ಮತ್ತು ಸೈಕಲ್ ದಾರಿ ಮಾಡಿಕೊಡಿ" ಎಂದು ಮಾತ್ರ ಇತ್ತು. ಕಚೇರಿಯೊಂದರಿಂದ ನಾಲ್ಕು ತಿಂಗಳ ಮೇಲೆ ಉತ್ತರ ಬಂತು: "ಅನುದಾನದ ಲಭ್ಯತೆಯ ಮೇರೆಗೆ ಪರಿಶೀಲಿಸಲಾಗುವುದು." ಆಗ ಸಿಟ್ಟು ಬಂದಿತ್ತು. ಆದರೆ ಯಾವ ಅನುದಾನ, ಎಷ್ಟು ಉದ್ದ, ರಸ್ತೆ ಯಾರದ್ದು ಎಂಬುದು ಯಾವುದೂ ನನ್ನ ಅರ್ಜಿಯಲ್ಲಿ ಇರಲಿಲ್ಲ. ಅಂಥ ಕಾಗದದ ಮೇಲೆ ಯಾವ ಜೆಇಯೂ (ಕಿರಿಯ ಇಂಜಿನಿಯರ್) ಅಂದಾಜುಪಟ್ಟಿ ಮಾಡಲಾರರು.

ಶಾಲೆಯ ಎಸ್‌ಡಿಎಂಸಿಯಲ್ಲಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ನಾನು ಸದಸ್ಯೆ. ಮುಂದಿನ ಸಭೆಯಲ್ಲಿ ಇದನ್ನು ಸಮಿತಿಯ ಕೆಲಸವಾಗಿ ಹಿಡಿದುಕೊಂಡೆವು. ಇದರಿಂದ ಬಹಳ ವ್ಯತ್ಯಾಸವಾಯಿತು. ಒಬ್ಬಳ ಮನವಿಗೂ, ಸರಕಾರಿ ಶಾಲೆಯ ಸಮಿತಿ ನಿರ್ಣಯ ಬರೆದು ಮುಖ್ಯ ಶಿಕ್ಷಕರ ಸಹಿ, ಮೊಹರು ಹಾಕಿ ಕಳಿಸಿದ ಪತ್ರಕ್ಕೂ ಟಪಾಲು ವಿಭಾಗದಲ್ಲೇ ತೂಕ ಬೇರೆ.

ಮೊದಲು ಮಾಡಿದ್ದು ರಸ್ತೆ ಯಾರದ್ದೆಂದು ಪತ್ತೆ ಹಚ್ಚಿದ್ದು. ಮಾಹಿತಿ ಹಕ್ಕಿನ ಅರ್ಜಿಗೆ ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದಗಳ ಒಳಗೆ. ಉತ್ತರ ನೋಡಿ ಆಶ್ಚರ್ಯವಾಯಿತು. ಬಸ್‌ ಸ್ಟಾಪಿನ ಹತ್ತಿರದ 60 ಮೀಟರ್ ಇನ್ನೊಂದು ಇಲಾಖೆಯದ್ದು, ಉಳಿದ 310 ಮೀಟರ್ ಮಾತ್ರ ಪಾಲಿಕೆಯದ್ದು. ಒಂದೇ ಅರ್ಜಿಯಲ್ಲಿ ಎರಡನ್ನೂ ಕೇಳಿದ್ದರಿಂದ ಕಡತ ಅತ್ತಿಂದಿತ್ತ ಹೋಗಿ ನಿಂತಿತ್ತು. ಆ 60 ಮೀಟರನ್ನು ಬೇರೆ ಮಾಡಿ 310ಕ್ಕೆ ಕೈ ಹಾಕಿದೆವು.

ಆಮೇಲೆ ಅಳತೆ. ಟೇಪು ಹಿಡಿಯುವುದು ನನ್ನ ಕಸುಬೇ. ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಕ್ಕಳು ಕೊಡೆ ಬಿಡಿಸಿಕೊಂಡೇ ನಡೆಯುವುದು. ಶಾಲೆಯ ಮಕ್ಕಳ ಹತ್ತು ಕೊಡೆಗಳನ್ನು ಬಿಡಿಸಿ ಅಳೆದೆ, ಸುಮಾರು 90 ಸೆಂಟಿಮೀಟರ್ ಅಗಲ. ಎದುರು ಬದುರು ಬರುವ ಇಬ್ಬರು ದಾಟಿಕೊಳ್ಳಲು ಎರಡು ಕೊಡೆಯಗಲ ಬೇಕು, ಅಂದರೆ 1.8 ಮೀಟರ್. ವಾರ್ಡಿನಲ್ಲೇ ಇರುವ ನಿವೃತ್ತ ಇಂಜಿನಿಯರ್ ಒಬ್ಬರಿಗೆ ಇದನ್ನು ಹೇಳಿದಾಗ ಅವರು ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಪಾದಚಾರಿ ಮಾರ್ಗಸೂಚಿ, ಐಆರ್‌ಸಿ 103, ತೆಗೆದು ತೋರಿಸಿದರು. ಅದರಲ್ಲಿಯೂ ಅಡೆತಡೆಯಿಲ್ಲದ ಕನಿಷ್ಠ ಅಗಲ 1.8 ಮೀಟರ್ ಎಂದೇ ಇದೆ. ಕಟ್ಟೆಯ ಎತ್ತರ 150 ಮಿಲಿಮೀಟರ್ ಮೀರಬಾರದು ಎಂದೂ ಇದೆ. ಅಜ್ಜಿಯರ ಮಂಡಿಗೆ ಅಷ್ಟೇ ಹತ್ತಲು ಸಾಧ್ಯ. ಅದಕ್ಕಿಂತ ಎತ್ತರ ಕಟ್ಟಿದರೆ ಅವರು ಮತ್ತೆ ಡಾಮರಿಗೇ ಇಳಿಯುತ್ತಾರೆ.

ಲೆಕ್ಕವನ್ನೂ ಮಾಡಿದೆವು. ಮಳೆಯಿದ್ದ ಒಂದು ಸೋಮವಾರ, ಮಳೆಯಿಲ್ಲದ ಒಂದು ಗುರುವಾರ, ಬೆಳಿಗ್ಗೆ ಒಂದೂವರೆ ಗಂಟೆ. ಎಷ್ಟು ಮಂದಿ ನಡೆದರು, ಎಷ್ಟು ಸೈಕಲ್ ಹೋಯಿತು, ಎಷ್ಟು ಸಲ ವಾಹನ ಬಂದಾಗ ಮಗು ತೋಡಿನ ಅಂಚಿಗೆ ಸರಿಯಿತು. ಮೂರನೆಯ ಕಾಲಂ ಇಟ್ಟದ್ದು ಏಳನೇ ಕ್ಲಾಸಿನ ಮಕ್ಕಳ ಸಲಹೆ. ಸಭೆಗಳಲ್ಲಿ ಎಲ್ಲರೂ ಓದಿದ್ದು ಅದನ್ನೇ.

ಇನ್ನು ದುಡ್ಡಿನ ಮಾತು. ನಡೆಯುವವರಿಗೆಂದೇ ಮೀಸಲಾಗಿ, ನಾಗರಿಕರು ನೇರವಾಗಿ ಅರ್ಜಿ ಹಾಕುವಂಥ ಅನುದಾನ ನಮಗೆ ಎಲ್ಲಿಯೂ ಸಿಗಲಿಲ್ಲ. ರಸ್ತೆ ಇರುವುದು ವಾಹನ ಸಾಗಿಸಲಿಕ್ಕಲ್ಲ, ಜನರನ್ನು ಸಾಗಿಸಲಿಕ್ಕೆ ಎಂದು 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿ ಹೇಳಿದೆ. ಆದರೆ ವಾರ್ಡಿನ ಕ್ರಿಯಾಯೋಜನೆಯಲ್ಲಿ ನಾನು ಕಂಡದ್ದು ರಸ್ತೆ, ಚರಂಡಿ, ತಡೆಗೋಡೆ, ದಾರಿದೀಪ. ಸ್ಮಾರ್ಟ್ ಸಿಟಿಯ ಹೆಸರು ಕೇಳಿ ಆಸೆಯಾಗಿತ್ತು. ಮಂಗಳೂರು 2016ರಲ್ಲಿ ಆ ಯೋಜನೆಗೆ ಆಯ್ಕೆಯಾದರೂ ಹೆಚ್ಚಿನ ಕೆಲಸ ಹಂಪನಕಟ್ಟೆ, ಬಂದರಿನ ಸುತ್ತಿನ ಹಳೆ ಪೇಟೆಗೆ ಗೊತ್ತುಪಡಿಸಿದ್ದು. ನಮ್ಮ ಗುಡ್ಡೆ ಆ ಗಡಿಯ ಹೊರಗೆ. ನಗರ ಭೂ ಸಾರಿಗೆ ನಿರ್ದೇಶನಾಲಯ ಬೆಂಗಳೂರಿನಲ್ಲಿ ನಿವಾಸಿಗಳ ಸಂಘಗಳ ಜೊತೆ ಸೇರಿ ನಡಿಗೆ, ಸೈಕಲ್ ಕೆಲಸ ಮಾಡಿದ್ದನ್ನು ತಿಳಿದುಕೊಂಡೆವು. 310 ಮೀಟರಿಗಾಗಿ ರಾಜಧಾನಿಯ ಬಾಗಿಲು ತಟ್ಟುವ ಶಕ್ತಿ ನಮಗಿರಲಿಲ್ಲ.

ಹದಿನೈದನೇ ಹಣಕಾಸು ಆಯೋಗದ ಹಣದ ಬಗ್ಗೆ ಮಾತ್ರ ಎಲ್ಲ ವಾರ್ಡಿನವರೂ ಸ್ವಲ್ಪ ತಿಳಿದಿರಬೇಕು. 2021ರಿಂದ 26ರ ಅವಧಿಯಲ್ಲಿ ಹತ್ತು ಲಕ್ಷಕ್ಕಿಂತ ಕಡಿಮೆ ಜನಸಂಖ್ಯೆಯ ನಗರಗಳಿಗೆ ಬಂದ ಅನುದಾನದಲ್ಲಿ ಶೇ. 60 ನಿರ್ಬಂಧಿತ: ಅರ್ಧ ಕುಡಿಯುವ ನೀರಿನ ಬಾಬ್ತು, ಅರ್ಧ ನೈರ್ಮಲ್ಯ ಮತ್ತು ಕಸದ ಬಾಬ್ತು. ಉಳಿದ ಶೇ. 40 ಮುಕ್ತ ನಿಧಿ. ಸಂಬಳ ಮತ್ತು ಸಿಬ್ಬಂದಿ ವೆಚ್ಚ ಬಿಟ್ಟು ಊರಿಗೆ ಅಗತ್ಯವೆನಿಸಿದ್ದಕ್ಕೆ ಅದನ್ನು ಬಳಸಬಹುದು. ಬರೀ "ಹಣಕಾಸು ಆಯೋಗದ ಅನುದಾನ ಕೊಡಿ" ಎಂದು ಕೇಳಿದರೆ ಸಾಲದು, "ಮುಕ್ತ ನಿಧಿಯ ಪಾಲಿನಲ್ಲಿ ಸೇರಿಸಿ" ಎಂದು ಬರೆಯಬೇಕು. ಇದಲ್ಲದೆ ಪಾಲಿಕೆಯ ಸ್ವಂತ ನಿಧಿ ಇದೆ. ಶಾಸಕರ ಪ್ರದೇಶಾಭಿವೃದ್ಧಿ ನಿಧಿ ವರ್ಷಕ್ಕೆ 2 ಕೋಟಿ, ಸಂಸದರದ್ದು 5 ಕೋಟಿ. ಇವರಿಬ್ಬರೂ ಮಾಡುವುದು ಶಿಫಾರಸು, ಹಣ ಬಿಡುಗಡೆಯಾಗುವುದು ಜಿಲ್ಲಾಡಳಿತದ ಮೂಲಕ. ಆದ್ದರಿಂದ ಶಿಫಾರಸು ಪತ್ರ ಸಿಕ್ಕಿತೆಂದು ಮನೆಯಲ್ಲಿ ಕೂರಬಾರದು, ಆ ಪತ್ರದ ಹಿಂದೆ ಜಿಲ್ಲಾಧಿಕಾರಿ ಕಚೇರಿಗೆ ಹೋಗಲೇಬೇಕು.

ನಮ್ಮ ಕೆಲಸಕ್ಕೆ ದಾರಿ ತೆರೆದದ್ದು ಆ ನಿವೃತ್ತ ಇಂಜಿನಿಯರರ ಒಂದು ಮಾತು: "ನೀವು ಫುಟ್‌ಪಾತ್ ಕೇಳಬೇಡಿ, ಚರಂಡಿ ಕೇಳಿ." ನಮ್ಮೂರಿನ ಓಣಿಗಳಲ್ಲಿ ಫುಟ್‌ಪಾತಿಗೆ ಬೇರೆ ಜಾಗ ಎಲ್ಲಿದೆ? ತೋಡನ್ನು ಕಾಂಕ್ರೀಟಿನಲ್ಲಿ ಕಟ್ಟಿ ಮೇಲೆ ಚಪ್ಪಡಿ ಮುಚ್ಚಿದರೆ ಅದೇ ಕಾಲುದಾರಿ. ಮಳೆನೀರಿನ ಚರಂಡಿಯ ಅಗತ್ಯವನ್ನು ಮಂಗಳೂರಿನಲ್ಲಿ ಯಾರೂ ಪ್ರಶ್ನಿಸುವುದಿಲ್ಲ, ಅದಕ್ಕೆ ಕ್ರಿಯಾಯೋಜನೆಯಲ್ಲಿ ಜಾಗ ಸುಲಭ. ನಮ್ಮ ಪತ್ರದ ತಲೆಬರಹ "ಮಳೆನೀರು ಚರಂಡಿ ನಿರ್ಮಾಣ ಮತ್ತು ಅದರ ಮೇಲೆ 1.8 ಮೀಟರ್ ಅಗಲದ ಶಾಲಾ ಕಾಲುದಾರಿ" ಎಂದಾಯಿತು. ಆ ಎರಡನೆಯ ಅರ್ಧ ವಾಕ್ಯವನ್ನು ಎಲ್ಲಿಯೂ ಬಿಡಬಾರದು. ಬಿಟ್ಟರೆ ಚರಂಡಿ ಬರುತ್ತದೆ, ಚಪ್ಪಡಿ ಅರ್ಧಂಬರ್ಧ ಬರುತ್ತದೆ, ನಡೆಯಲು ಆಗುವುದಿಲ್ಲ.

ಚಪ್ಪಡಿಯ ವಿಷಯಕ್ಕೆ ನಾವು ಮೂರು ವಾರ ಕೊಟ್ಟೆವು, ಅದು ದಂಡವಾಗಲಿಲ್ಲ. ಪ್ರತಿವರ್ಷ ಮಳೆಗೆ ಮೊದಲು ಹೂಳೆತ್ತಬೇಕು. ಎತ್ತಲಾಗದ ಚಪ್ಪಡಿ ಹಾಕಿದರೆ ಮೇ ತಿಂಗಳಲ್ಲಿ ಅದನ್ನು ಒಡೆಯುತ್ತಾರೆ, ಜೂನ್‌ನಲ್ಲಿ ಅಲ್ಲಿ ಗುಂಡಿ. ಆದ್ದರಿಂದ ಕೆಲವು ಮೀಟರಿಗೊಂದರಂತೆ ಕೊಕ್ಕೆಯಿರುವ, ನಾಲ್ಕು ಮಂದಿ ಎತ್ತಬಹುದಾದ ಚಪ್ಪಡಿ ಬೇಕೆಂದು ಬರೆಸಿದೆವು. ರಸ್ತೆಯ ನೀರು ಒಳಗೆ ಇಳಿಯಲು ಕಟ್ಟೆಯ ಬದಿಯಲ್ಲಿ ಕಿಂಡಿ ಇಡಿಸಿದೆವು. ನಡೆಯುವ ಜಾಗದಲ್ಲಿ ಜಾಲರಿ ಬೇಡ ಎಂದೆವು, ಮಕ್ಕಳ ಚಪ್ಪಲಿ, ಸೈಕಲ್ಲಿನ ಚಕ್ರ ಅದರಲ್ಲಿ ಸಿಕ್ಕಿಕೊಳ್ಳುತ್ತದೆ.

ಸೈಕಲ್ ದಾರಿಯ ಬೇಡಿಕೆಯನ್ನು ಕೈಬಿಟ್ಟೆವು. ಅದು ನನಗೆ ಬೇಸರದ ನಿರ್ಧಾರ. 2006-07ರಲ್ಲಿ ರಾಜ್ಯ ಸರಕಾರ ಎಂಟನೇ ಕ್ಲಾಸಿನ ಮಕ್ಕಳಿಗೆ ಉಚಿತ ಸೈಕಲ್ ಕೊಡಲು ಶುರುಮಾಡಿತು. ನನ್ನ ತಮ್ಮನ ಮಗಳಿಗೂ ಮುಂದೆ ಒಂದು ಸಿಕ್ಕಿತ್ತು. ಅವಳು ಅದನ್ನು ಮನೆಯಂಗಳದಲ್ಲಿ ಬಿಟ್ಟಳೇ ಹೊರತು ರಸ್ತೆಗೆ ಇಳಿಸಲು ಅವಳ ಅಪ್ಪ ಒಪ್ಪಲಿಲ್ಲ. ಸೈಕಲ್ ಕೊಟ್ಟವರು ದಾರಿಯನ್ನೂ ಕೊಡಬೇಕಿತ್ತು ಎಂದು ಇಂದಿಗೂ ನನಗನಿಸುತ್ತದೆ. ಆದರೆ ನಮ್ಮ ರಸ್ತೆಯ ಡಾಮರು ಆರು ಮೀಟರ್ ಇಲ್ಲ, ಸೈಕಲ್ಲಿಗೆ ಬೇರೆ ಪಟ್ಟಿ ಎಳೆದರೆ ಅದು ಬಣ್ಣವಾಗಿಯೇ ಉಳಿಯುತ್ತದೆ. ಇಂಥ ಕಡೆ ವಾಹನದ ವೇಗ ಇಳಿಸುವುದೇ ಸೈಕಲ್ಲಿಗೆ ಮಾಡುವ ನಿಜವಾದ ಉಪಕಾರ. ಹಾಗಾಗಿ ಐಆರ್‌ಸಿ 99ರ ಅಳತೆಯ ಎರಡು ಹಂಪು ಕೇಳಿದೆವು: 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ. ಊರಲ್ಲಿ ಸಾಮಾನ್ಯವಾಗಿ ಹಾಕುವ ಗುಡ್ಡದಂಥ ಉಬ್ಬಿನ ಮೇಲೆ ಸ್ಕೂಟರಿನಲ್ಲಿ ಕೂತ ಗರ್ಭಿಣಿಯ ಸೊಂಟ ಮುರಿಯುತ್ತದೆ. ಅಗಲದ ಹಂಪಿನಲ್ಲಿ ಹಾಗಾಗುವುದಿಲ್ಲ.

2023ರ ಫೆಬ್ರವರಿಯಲ್ಲಿ ವಾರ್ಡ್ ಸಮಿತಿಯ ಸಭೆಯಲ್ಲಿ ವಿಷಯ ಇಟ್ಟೆವು. ನಿರ್ಣಯ ಬರೆಯುವವರೆಗೆ ಎದ್ದು ಹೋಗಲಿಲ್ಲ, ನಡಾವಳಿಯ ಪ್ರತಿ ಕೇಳಿ ಪಡೆದೆವು. ಮಾರ್ಚ್ 29ಕ್ಕೆ ವಿಧಾನಸಭಾ ಚುನಾವಣೆಯ ನೀತಿಸಂಹಿತೆ ಬಂತು, ಮೇ ತಿಂಗಳ ನಡುವಿನವರೆಗೆ ಏನೂ ನಡೆಯಲಿಲ್ಲ. ಆಮೇಲೆ ಮಳೆ. ಆ ಖಾಲಿ ತಿಂಗಳುಗಳನ್ನು ಮನೆಗಳಿಗೆ ಹೋಗಲು ಬಳಸಿದೆವು.

ಹನ್ನೊಂದು ಗೇಟುಗಳು. ಕಾಲುದಾರಿ ಗೇಟಿನೆದುರು ಪ್ರತಿಸಲ ಇಳಿದು ಹತ್ತಬಾರದು, ಸಮನಾಗಿ ಹೋಗಬೇಕು, ಕಾರಿಗೆ ಬೇಕಾದ ಇಳಿಜಾರು ರಸ್ತೆಯ ಅಂಚಿನಲ್ಲಿ ಮಾತ್ರ ಇರಬೇಕು ಎಂಬುದು ನಮ್ಮ ಹಟ. ಏಳು ಮನೆಯವರು ತಕ್ಷಣ ಒಪ್ಪಿದರು. ಮೂವರಿಗೆ ತಮ್ಮ ಕಾರಿನ ತಳ ತಾಗೀತೆಂಬ ಭಯ. ಅವರ ಎದುರು ಮರದ ಹಲಗೆಯಿಟ್ಟು ಕಾರು ಹತ್ತಿಸಿ ತೋರಿಸಿದ ಮೇಲೆ ಒಪ್ಪಿದರು. ಉಳಿದ ಒಂದು ಮನೆಯ ಎದುರು ತೋಡು ಕಿರಿದಾಗಿ, ಎರಡು ಕೊಡೆಯಗಲ ಬರುತ್ತಿರಲಿಲ್ಲ. ಆ ಮನೆಯ ಹಿರಿಯ ಹೆಂಗಸು, ತೋಡಿಗೆ ಬಿದ್ದ ಮಗುವನ್ನು ಅಂದು ಎಳೆದು ತೆಗೆದವರು, ಕಂಪೌಂಡನ್ನು ಎರಡಡಿ ಹಿಂದೆ ಕಟ್ಟಲು ಒಪ್ಪಿಗೆ ಪತ್ರ ಬರೆದುಕೊಟ್ಟರು. ಮುರಕಲ್ಲನ್ನು ಮತ್ತೆ ಕಟ್ಟಿಸುವ ಖರ್ಚನ್ನು ನಾವು ಹತ್ತು ಮನೆಯವರು ಹಂಚಿಕೊಂಡೆವು.

ಅಂದಾಜುಪಟ್ಟಿ 31 ಲಕ್ಷಕ್ಕೆ ನಿಂತಿತು. ಒಂದೇ ನಿಧಿಯಿಂದ ಅಷ್ಟು ಸಿಗುವಂತಿರಲಿಲ್ಲ. ರಸ್ತೆಯ ನಡುವೆ ಒಂದು ಮೋರಿ ಇದೆ, ಅದರ ಮೇಲಿನ 180 ಮೀಟರ್ ಹಣಕಾಸು ಆಯೋಗದ ಮುಕ್ತ ನಿಧಿಗೆ, ಕೆಳಗಿನ 130 ಮೀಟರ್ ಶಾಸಕರ ನಿಧಿಗೆ ಬಂತು. ಎರಡಕ್ಕೂ ಟೆಂಡರ್ ಆಗಿಯೇ ಕೆಲಸ ಕೊಡಲಾಯಿತು. ಟೆಂಡರ್ ತಪ್ಪಿಸಲು ಕಾಮಗಾರಿ ತುಂಡು ಮಾಡುವ ಸಲಹೆಯೂ ಒಂದು ಕಡೆಯಿಂದ ಬಂದಿತ್ತು. ನಾವು ಬೇಡವೆಂದೆವು. ಮಕ್ಕಳ ಹೆಸರಿನಲ್ಲಿ ಕೇಳಿದ ಹಣ ಅದು.

ಕಾರ್ಯಾದೇಶ ಕೈಗೆ ಬಂದದ್ದು 2024ರ ಮಾರ್ಚ್ ಎರಡನೇ ವಾರ. 16ರಂದು ಲೋಕಸಭಾ ಚುನಾವಣೆ ಘೋಷಣೆಯಾಯಿತು. ಆದೇಶ ಇದ್ದರೂ ನೆಲದಲ್ಲಿ ಕೆಲಸ ಶುರುವಾಗಿರದಿದ್ದರೆ ನೀತಿಸಂಹಿತೆ ಮುಗಿಯುವವರೆಗೆ ಶುರುಮಾಡುವ ಹಾಗಿಲ್ಲ. ನಾಲ್ಕು ದಿನ ಮೊದಲು ಒಂದು ಹಾರೆ ಬಿದ್ದಿದ್ದರೆ ಆ ಮಳೆಗಾಲಕ್ಕೇ ದಾರಿ ಇರುತ್ತಿತ್ತು. ಜೂನ್‌ನಲ್ಲಿ ಮತ್ತೆ ಕೊಡೆ ಹಿಡಿದ ಮಕ್ಕಳು ಅದೇ ತೋಡಿನಂಚಿನಲ್ಲಿ ಹೋಗುವುದನ್ನು ನೋಡುತ್ತಾ ಹೊಲಿಯುವುದು ಬಹಳ ಕಷ್ಟವಾಗಿತ್ತು. ಬೆಳಿಗ್ಗೆ ಎಂಟರಿಂದ ಒಂಬತ್ತರವರೆಗೆ ಸರದಿಯಂತೆ ಇಬ್ಬಿಬ್ಬರು ಹೆತ್ತವರು ಅಲ್ಲಿ ನಿಂತೆವು, ಇಡೀ ಮಳೆಗಾಲ.

ನವೆಂಬರ್‌ನಲ್ಲಿ ಕೆಲಸ ಶುರುವಾಯಿತು. ಒಂದು ದಿನ ಅಂಗಡಿಯಿಂದ ಇಳಿದು ಟೇಪು ಹಿಡಿದೆ. ಕಟ್ಟೆ 22 ಸೆಂಟಿಮೀಟರ್ ಎತ್ತರ ಬಂದಿತ್ತು. ಗುತ್ತಿಗೆದಾರರ ಮೇಸ್ತ್ರಿ ಒಪ್ಪಲಿಲ್ಲ. ಅಂದಾಜುಪಟ್ಟಿಯ ಪ್ರತಿಯಲ್ಲಿ 150 ಮಿಲಿಮೀಟರ್ ಎಂದು ಬರೆದದ್ದನ್ನು ತೋರಿಸಿದೆ, ಜೆಇ ಬಂದು ನೋಡಿ ಒಡೆಸಿದರು. ಆ ಪ್ರತಿ ಕೈಯಲ್ಲಿಲ್ಲದಿದ್ದರೆ ನನ್ನ ಮಾತಿಗೆ ಆಧಾರವೇ ಇರುತ್ತಿರಲಿಲ್ಲ. ಹಣ ಮಂಜೂರಾದ ದಿನವೇ ಅಂದಾಜುಪಟ್ಟಿಯ ಪ್ರತಿ ಕೇಳಿ ತೆಗೆದಿಟ್ಟುಕೊಳ್ಳಿ, ಮತ್ತು ಬಿಲ್ಲಾಗುವ ಮೊದಲು ಅಳೆಯಿರಿ.

ನಮ್ಮಿಂದಲೇ ಒಂದು ದೊಡ್ಡ ತಪ್ಪಾಯಿತು. ವಿದ್ಯುತ್ ಕಂಬ ಸ್ಥಳಾಂತರದ ಖರ್ಚನ್ನು ಪಟ್ಟಿಯಲ್ಲಿ ಸೇರಿಸಲು ಮರೆತೆವು. ಎರಡು ಕಂಬಗಳು ಕಾಲುದಾರಿಯಲ್ಲೇ ಉಳಿದವು. ಅಲ್ಲಿ ಅಗಲ 1.1 ಮೀಟರ್, ಒಂದೇ ಕೊಡೆ. ಗಾಲಿಕುರ್ಚಿ ಕಷ್ಟದಲ್ಲಿ ದಾಟುತ್ತದೆ. ಕಂಬಕ್ಕಾಗಿ ಈಗ ಬೇರೆ ಅರ್ಜಿ ನಡೆಯುತ್ತಿದೆ, ಬಸ್‌ ಸ್ಟಾಪಿನ 60 ಮೀಟರಿಗೆ ಇನ್ನೊಂದು.

2025ರ ಜುಲೈಯಲ್ಲಿ ಮಳೆಯ ಸೋಮವಾರ ನೋಡಿ, ಅದೇ ಹೊತ್ತಿಗೆ, ಅದೇ ಮೂರು ಕಾಲಂ ಎಳೆದು ಮತ್ತೆ ಎಣಿಸಿದೆವು. ಮೂರನೆಯ ಕಾಲಮ್ಮಿನಲ್ಲಿ ಗೆರೆಗಳು ಬಿದ್ದದ್ದು ಎರಡು ಕಂಬಗಳ ಹತ್ತಿರ ಮಾತ್ರ. ಅದಕ್ಕೂ ಮೊದಲು, ಮೇ ತಿಂಗಳಲ್ಲಿ ಹೂಳೆತ್ತುವವರು ಬಂದಿದ್ದರು. 14 ಚಪ್ಪಡಿ ಎತ್ತಿದರು. ಸಂಜೆ ಅಂಗಡಿ ಮುಚ್ಚುವ ಮೊದಲು ಹೋಗಿ ಎಣಿಸಿದೆ, 14ನ್ನೂ ವಾಪಸು ಕೂರಿಸಿದ್ದರು.