ಎಂ.ಎಸ್ಸಿ ಗಣಿತ: ಯಾವ ಪೇಪರ್ ತಗೋಬೇಕು, ಎಷ್ಟು ಹೊರಬೇಕು?

ಸೆಮಿಸ್ಟರ್ ಶುರುವಾಗುವ ವಾರ ತೋಳಹುಣಸೆಯ ಶಿವಗಂಗೋತ್ರಿ, ಅಂದರೆ ದಾವಣಗೆರೆ ವಿಶ್ವವಿದ್ಯಾಲಯದ ಕ್ಯಾಂಪಸ್ ಕಡೆ ಹೋಗುವ ಬಸ್ ಹತ್ತಿದರೆ ಒಂದು ಪ್ರಶ್ನೆ ಖಂಡಿತ ಕಿವಿಗೆ ಬೀಳುತ್ತದೆ: "ಯಾವ ಎಲೆಕ್ಟಿವ್ ಸುಲಭ?" ನಾನೂ ಹಾಗೇ ಕೇಳಿದವನು. ಓದಿದ್ದು ಬೇರೆ ಊರಲ್ಲಿ. ಸೀನಿಯರ್ ಮಾತು ಕೇಳಿ ಮೂರು ಪ್ರೂಫ್ ಪೇಪರ್‌ಗಳನ್ನು (ಲೆಕ್ಕ ಬಿಡಿಸುವುದಕ್ಕಿಂತ ಪ್ರಮೇಯ ಸಾಧಿಸುವುದೇ ಹೆಚ್ಚಿರುವ ಪೇಪರ್‌ಗಳು) ಒಂದೇ ಸೆಮ್‌ನಲ್ಲಿ ಹೊತ್ತುಕೊಂಡೆ. ಒಂದು ಬ್ಯಾಕ್‌ಲಾಗ್ ಉಳಿಯಿತು. ಓದಲಿಲ್ಲ ಅಂತಲ್ಲ, ವಾರದಲ್ಲಿ ಎಷ್ಟು ಗಂಟೆ ಇದೆ ಅಂತ ಕೂಡಿಸಿ ನೋಡಿರಲಿಲ್ಲ. ಗಣಿತದ ಹುಡುಗ, ಕೂಡೋದು ಮರೆತಿದ್ದ!

ಪಟ್ಟಿಗೆ ಗುರುತು ಹಾಕಿ

ಮೊದಲು ಸಿಲಬಸ್ ತೆಗೆದು ಕಡ್ಡಾಯ ಪೇಪರ್‌ಗಳನ್ನು ಬದಿಗಿಡಿ. ಆಲ್ಜೀಬ್ರಾ, ರಿಯಲ್ ಅನಾಲಿಸಿಸ್, ಟೋಪೋಲಜಿ ಸಾಮಾನ್ಯವಾಗಿ ಅಲ್ಲಿರುತ್ತವೆ. ಉಳಿದದ್ದು ನಿಮ್ಮ ಆಯ್ಕೆ, ಅದೇ ಎಲೆಕ್ಟಿವ್. ಪಟ್ಟಿಯಲ್ಲಿ ಹೆಸರು ಇದ್ದ ಮಾತ್ರಕ್ಕೆ ಆ ಪೇಪರ್ ನಡೆಯುತ್ತದೆ ಅಂತಲ್ಲ. ಕಲಿಸುವವರು ಇರಬೇಕು, ಸಾಕಷ್ಟು ಜನ ಸೇರಬೇಕು. ಅದನ್ನು ವಿಭಾಗದಲ್ಲೇ ಕೇಳಿ.

ಆಮೇಲೆ ಪ್ರತಿ ಪೇಪರ್ ಮುಂದೆ 'ಪ್ರೂಫ್' ಅಥವಾ 'ಲೆಕ್ಕ' ಅಂತ ಬರೆಯಿರಿ. ಟೋಪೋಲಜಿ, ಮೆಷರ್ ಥಿಯರಿ, ಫಂಕ್ಷನಲ್ ಅನಾಲಿಸಿಸ್ ಪ್ರೂಫ್. ನ್ಯೂಮರಿಕಲ್ ಅನಾಲಿಸಿಸ್, ಡಿಫರೆನ್ಷಿಯಲ್ ಈಕ್ವೇಶನ್ಸ್ ಹೆಚ್ಚಾಗಿ ಲೆಕ್ಕ. ಒಂದು ಸೆಮ್‌ಗೆ ಎರಡು ಪ್ರೂಫ್ ಪೇಪರ್ ಸಾಕು ಅನ್ನೋದು ನನ್ನ ಮಾತು. ಕಡ್ಡಾಯದ್ದೇ ಮೂರಿದ್ದರೆ ಎಲೆಕ್ಟಿವ್ ಲೆಕ್ಕದ್ದೇ ಇರಲಿ.

ಕೆಳಗಿನ ಮೆಟ್ಟಿಲು ಇದೆಯಾ?

ಫಂಕ್ಷನಲ್ ಅನಾಲಿಸಿಸ್‌ಗೆ ಲೀನಿಯರ್ ಆಲ್ಜೀಬ್ರಾ, ಮೆಟ್ರಿಕ್ ಸ್ಪೇಸ್ ಎರಡೂ ಬೇಕು. ಮೆಷರ್ ಥಿಯರಿಗೆ ರಿಯಲ್ ಅನಾಲಿಸಿಸ್ ಬೇಕು. ಫ್ಲೂಯಿಡ್ ಮೆಕ್ಯಾನಿಕ್ಸ್‌ಗೆ ವೆಕ್ಟರ್ ಕ್ಯಾಲ್ಕುಲಸ್ ಜೊತೆ ಪಾರ್ಶಿಯಲ್ ಡಿಫರೆನ್ಷಿಯಲ್ ಈಕ್ವೇಶನ್ಸ್ ಪರಿಚಯ ಇರಬೇಕು. ಗ್ರಾಫ್ ಥಿಯರಿಗೆ ಹಳೆಯ ಸಾಮಾನು ಕಡಿಮೆ ಸಾಕು. ಅದಕ್ಕೇ ಅದು ಸುಲಭ ಅಂತ ಹೆಸರು ಮಾಡಿದೆ, ಆದರೆ ಪ್ರೂಫ್ ಅಲ್ಲೂ ತಪ್ಪಿದ್ದಲ್ಲ.

ಅನುಮಾನ ಇದ್ದರೆ ಆ ಪೇಪರಿನ ಪುಸ್ತಕ ತಂದು ಮೊದಲ ಅಧ್ಯಾಯದ ಮೂರು ಸಮಸ್ಯೆ ಓದಿ. ಪ್ರಶ್ನೆ ಅರ್ಥವಾಗಿ ಉತ್ತರ ಹೊಳೆಯದಿದ್ದರೆ ಚಿಂತೆ ಬೇಡ, ಅದು ಎಲ್ಲರಿಗೂ ಆಗುವುದೇ. ಪ್ರಶ್ನೆಯ ಪದಗಳೇ ಗೊತ್ತಿಲ್ಲದಿದ್ದರೆ ಆ ಪೇಪರ್ ಮುಂದಿನ ಸೆಮ್‌ಗೆ ಇರಲಿ.

ಗಂಟೆ ಕೂಡಿಸಿ

ಒಂದು ಕ್ರೆಡಿಟ್ ಅಂದರೆ ವಾರಕ್ಕೆ ಒಂದು ಗಂಟೆ ಪಾಠ. ನಾಲ್ಕು ಕ್ರೆಡಿಟ್‌ನ ನಾಲ್ಕು ಪೇಪರ್ ಅಂದರೆ 16 ಗಂಟೆ. ಪ್ರೂಫ್ ಪೇಪರ್‌ನಲ್ಲಿ ಒಂದು ಗಂಟೆಯ ಪಾಠಕ್ಕೆ ಮನೆಯಲ್ಲಿ ಎರಡು ಗಂಟೆ, ಲೆಕ್ಕದ ಪೇಪರ್‌ಗೆ ಒಂದು ಗಂಟೆ ಇಡಿ. ಎರಡು ಪ್ರೂಫ್, ಎರಡು ಲೆಕ್ಕ ಇದ್ದರೆ ಮನೆಯ ಓದು 24 ಗಂಟೆ, ಒಟ್ಟು 40. ನಾಲ್ಕೂ ಪ್ರೂಫ್ ಆದರೆ 48 ಆಯಿತು.

ಇಷ್ಟೇ ಆಗಿದ್ದರೆ ಚೆನ್ನಾಗಿತ್ತು. ಚಿತ್ರದುರ್ಗದಿಂದ ದಾವಣಗೆರೆಗೆ ಸುಮಾರು 60 ಕಿಲೋಮೀಟರ್. ಬಸ್ಸಿಗೆ ಕಾಯುವುದೂ ಸೇರಿ ದಿನಕ್ಕೆ ಮೂರು ಗಂಟೆ ಹಿಡಿದರೆ ಆರು ದಿನಕ್ಕೆ 18. ಸಂಜೆ ಪಿಯುಸಿ ಮಕ್ಕಳಿಗೆ ಟ್ಯೂಷನ್ ಹೇಳುವವರು ಅದನ್ನೂ ಸೇರಿಸಿ. ಹಾಸ್ಟೆಲ್‌ನಲ್ಲಿರುವ ಗೆಳೆಯನ ಟೈಮ್ ಟೇಬಲ್ ನಿಮಗೆ ಹೊಂದುವುದಿಲ್ಲ, ಸುಮ್ನೆ ಕಾಪಿ ಮಾಡಬೇಡಿ. ಬಸ್ಸಿನಲ್ಲಿ ಪ್ರೂಫ್ ಬರೆಯಲು ಆಗುವುದಿಲ್ಲ. ವ್ಯಾಖ್ಯೆ ಬಾಯಿಪಾಠಕ್ಕೆ ಮಾತ್ರ ಆ ಸೀಟು ಒಳ್ಳೆಯದು, ಜೇಬಿನಲ್ಲಿ ಒಂದು ಚಿಕ್ಕ ನೋಟ್‌ಬುಕ್ ಇರಲಿ.

ನೆಟ್ ಬರೆಯುವವರಿಗೆ

ಸಂಶೋಧನಾ ಫೆಲೋಶಿಪ್‌ಗೂ ಅಸಿಸ್ಟೆಂಟ್ ಪ್ರೊಫೆಸರ್ ಹುದ್ದೆಗೂ ಅರ್ಹತೆ ಕೊಡುವ ಸಿಎಸ್‌ಐಆರ್ ನೆಟ್ ಪರೀಕ್ಷೆಯ ಗಣಿತದಲ್ಲಿ 200 ಅಂಕಗಳಲ್ಲಿ 95 ಬರುವುದು 'ಸಿ' ಭಾಗದಿಂದ. 60 ಪ್ರಶ್ನೆ ಇರುತ್ತವೆ, 20ಕ್ಕೆ ಉತ್ತರಿಸಿದರೆ ಸಾಕು. ಅಂದರೆ ಎಲ್ಲವನ್ನೂ ಮೇಲೆ ಮೇಲೆ ಓದಿದವರಿಗಿಂತ ಕೆಲವನ್ನು ಆಳವಾಗಿ ಓದಿದವರಿಗೆ ಅನುಕೂಲ ಜಾಸ್ತಿ. ಕ್ಯಾಲ್ಕುಲಸ್ ಆಫ್ ವೇರಿಯೇಶನ್ಸ್, ಇಂಟಿಗ್ರಲ್ ಈಕ್ವೇಶನ್ಸ್ ಆ ಸಿಲಬಸ್‌ನಲ್ಲಿವೆ. ಗ್ರಾಫ್ ಥಿಯರಿಗೆ ಅಲ್ಲಿ ಪ್ರತ್ಯೇಕ ಜಾಗ ಇಲ್ಲ.

ಜಾರುವ ಜಾಗಗಳು

ಪ್ರತಿ ಪೇಪರ್‌ನಲ್ಲೂ ತರಗತಿ ಎರಡಾಗಿ ಒಡೆಯುವ ಒಂದು ಜಾಗ ಇರುತ್ತದೆ. ಆ ವಾರ ಬೇರೆ ಕೆಲಸ ಇಟ್ಟುಕೊಳ್ಳಬೇಡಿ.

ಆಲ್ಜೀಬ್ರಾದಲ್ಲಿ ಅದು ಕೋಷಂಟ್ ಗ್ರೂಪ್. ಇವತ್ತು ಸೋಮವಾರ, 10 ದಿನ ಕಳೆದರೆ ಯಾವ ವಾರ? ನೀವು 7 ಬಿಟ್ಟು 3 ಎಣಿಸಿ ಗುರುವಾರ ಅನ್ನುತ್ತೀರಿ. 3, 10, 17 ಎಲ್ಲ ನಿಮಗೆ ಒಂದೇ ಆದವು. 7ರ ಅಪವರ್ತ್ಯಗಳನ್ನೆಲ್ಲ ಸೊನ್ನೆ ಅಂತ ಹಿಡಿದಿರಿ, ಪೂರ್ಣಾಂಕಗಳು ಏಳು ಗುಂಪುಗಳಾದವು. ಆ ಗುಂಪುಗಳನ್ನೇ ಸಂಖ್ಯೆಗಳ ಹಾಗೆ ಕೂಡುವುದು ಕೋಷಂಟ್ ಗ್ರೂಪ್. ಸಂತೆ ದಿನ ಲೆಕ್ಕ ಹಾಕುವ ಅಜ್ಜಿಗೆ ಇದು ಗೊತ್ತು, ಹೆಸರು ಮಾತ್ರ ಗೊತ್ತಿಲ್ಲ.

ರಿಯಲ್ ಅನಾಲಿಸಿಸ್‌ನಲ್ಲಿ ಯೂನಿಫಾರ್ಮ್ ಕಂಟಿನ್ಯುಯಿಟಿ. ಫಂಕ್ಷನ್‌ನ ಬೆಲೆ ಬೇಕಾದಷ್ಟು ಹತ್ತಿರ ಇರಲು ಎಕ್ಸ್ ಎಷ್ಟು ಹತ್ತಿರ ಇರಬೇಕು ಅನ್ನುವ ಅಳತೆಯೇ ಡೆಲ್ಟಾ. ಬರೀ ಕಂಟಿನ್ಯುಯಿಟಿಯಲ್ಲಿ ಬಿಂದು ಬದಲಾದರೆ ಡೆಲ್ಟಾ ಬದಲಾಗಬಹುದು. ಇಲ್ಲಿ ಒಂದೇ ಡೆಲ್ಟಾ ಎಲ್ಲ ಬಿಂದುಗಳಿಗೂ ಸಾಲಬೇಕು. ಎಕ್ಸ್ ವರ್ಗ 0ಯಿಂದ 1ರವರೆಗೆ ಈ ಪರೀಕ್ಷೆ ಪಾಸಾಗುತ್ತದೆ, ಇಡೀ ರೇಖೆಯ ಮೇಲೆ ಫೇಲಾಗುತ್ತದೆ. ಯಾಕೆ ಅಂತ ಕೈಯಾರೆ ಬರೆದು ನೋಡಿ.

ಟೋಪೋಲಜಿಯಲ್ಲಿ ಕಾಂಪ್ಯಾಕ್ಟ್‌ನೆಸ್, ಅಂದರೆ ಓಪನ್ ಗಣಗಳಿಂದ ಹೇಗೆ ಮುಚ್ಚಿದರೂ ಅವುಗಳಲ್ಲಿ ಸೀಮಿತ ಸಂಖ್ಯೆಯವೇ ಸಾಕಾಗುವ ಗುಣ. 'ಕ್ಲೋಸ್ಡ್ ಮತ್ತು ಬೌಂಡೆಡ್' ಅಂತ ಉರು ಹೊಡೆದವರು ಫಂಕ್ಷನಲ್ ಅನಾಲಿಸಿಸ್‌ಗೆ ಬಂದಾಗ ಸಿಕ್ಕಿಬೀಳುತ್ತಾರೆ. ಅನಂತ ಆಯಾಮದ ನಾರ್ಮ್ಡ್ ಸ್ಪೇಸ್‌ನಲ್ಲಿ ಕ್ಲೋಸ್ಡ್ ಯೂನಿಟ್ ಬಾಲ್ ಕ್ಲೋಸ್ಡ್ ಹೌದು, ಬೌಂಡೆಡ್ ಹೌದು, ಆದರೆ ಕಾಂಪ್ಯಾಕ್ಟ್ ಅಲ್ಲ.

ಮೂರನೇ ವಾರದ ಪರೀಕ್ಷೆ

ಮೂರನೇ ವಾರದ ಭಾನುವಾರ ಪುಸ್ತಕ ಮುಚ್ಚಿ, ಪ್ರತಿ ಪೇಪರ್‌ನ ಐದು ವ್ಯಾಖ್ಯೆ ಬರೆಯಿರಿ, ಪ್ರತಿಯೊಂದಕ್ಕೂ ಒಂದು ಉದಾಹರಣೆ ಕೊಡಿ. ಬರದಿದ್ದರೆ ಹಿಂದೆ ಬಿದ್ದಿದ್ದೀರಿ. ಆಗ ಮೊದಲು ಹಿಡಿಯಬೇಕಾದ್ದು ಮುಂದಿನ ಸೆಮ್‌ಗೂ ಬೇಕಾಗುವ ಪೇಪರ್. ಪಾಠ ಕೈತಪ್ಪಿದ್ದರೆ ಐಐಟಿ ಮತ್ತು ಐಐಎಸ್‌ಸಿ ಸೇರಿ ನಡೆಸುವ ಎನ್‌ಪಿಟಿಇಎಲ್ ವಿಡಿಯೊಗಳಿವೆ, ನೋಡಲು ದುಡ್ಡು ಬೇಡ.

ಎಲೆಕ್ಟಿವ್ ಬದಲಿಸುವ ಯೋಚನೆ ಇದ್ದರೆ ಮೂರನೇ ವಾರಕ್ಕೆ ಕಾಯಬೇಡಿ. ಕೊನೆಯ ದಿನ ಯಾವುದು ಅಂತ ಮೊದಲ ದಿನವೇ ಕೇಳಿಟ್ಟುಕೊಳ್ಳಿ. ಅರ್ಜಿಗೆ ಸಹಿ ಹಾಕಿಸಿ, ಒಂದು ಜೆರಾಕ್ಸ್ ನಿಮ್ಮ ಹತ್ತಿರ ಇಟ್ಟುಕೊಳ್ಳಿ. ಆನ್‌ಲೈನ್ ಖಾತೆಯಲ್ಲೂ ಪೇಪರ್ ಹೆಸರು ಬದಲಾಗಿದೆಯಾ ಅಂತ ತೆರೆದು ನೋಡಿ. ನನ್ನ ಗೆಳೆಯನಿಗೆ ಹಳೆಯ ಹೆಸರು ಕಂಡದ್ದು ಹಾಲ್ ಟಿಕೆಟ್ ಬಂದ ದಿನ.