ಬೀಚಲ್ಲಿ ಗಾಳದ ದಾರ ಸುತ್ಕೊಂಡ ಕಡಲಹಕ್ಕಿ ಕಂಡ್ರೆ ಹೀಗ್ ಮಾಡಿ

ಮಲ್ಪೆ, ಕಾಪು, ಸೋಮೇಶ್ವರ ಕಡೆ ಬೀಚಲ್ಲಿ ಓಡಾಡೋರು ದಯವಿಟ್ಟು ಓದಿ. ಮಳೆಗಾಲದ ಗಾಳಿಗೆ ನಡುಗಡಲ ಹಕ್ಕಿಗಳಾದ ಬೂಬಿ, ಸೂಟಿ ಟರ್ನ್‌ಗಳು ಸುಸ್ತಾಗಿ ದಡಕ್ಕೆ ಬಂದು ಬೀಳ್ತವೆ, ಚಳಿಗಾಲದಲ್ಲಿ ಇನ್ನೊಂದು ಬಗೆ ಕಡಲಹಕ್ಕಿಗಳಾದ ಗಲ್‌ಗಳು ಬಂದರಿನ ಹತ್ರ ಮೀನಿಗೆ ಮುತ್ಕೊಂಡು ಹರಿದ ಬಲೆಗೋ ನೈಲಾನ್ ದಾರಕ್ಕೋ ಕಾಲು ಸಿಕ್ಕಿಸ್ಕೊಳ್ತವೆ.

ಮೊದಲ್ನೇದು, ದಾರ ಎಳೀಬೇಡಿ. ಎಳೆದಷ್ಟೂ ಚರ್ಮದೊಳಗೆ ಕೊರೆಯುತ್ತೆ. ಗ್ಲೌಸ್ ಹಾಕ್ಕೊಂಡು ಹಿಂದಿನಿಂದ ಹೋಗಿ ಟವೆಲ್ ಅಥವಾ ಲುಂಗಿ ಮೇಲೆ ಹಾಕಿ, ತಲೆ ಮುಚ್ಚಿದ್ರೆ ಅರ್ಧ ಗಾಬರಿ ಇಳಿಯುತ್ತೆ. ಕೊಕ್ಕು ಕಣ್ಣಿಗೇ ಬರುತ್ತೆ, ಮುಖ ದೂರ ಇಟ್ಕೊಳ್ಳಿ. ಕೊಕ್ಕಿಗೆ ಟೇಪ್ ಸುತ್ತೋದು ಮಾತ್ರ ಬೇಡವೇ ಬೇಡ, ಬೂಬಿಗೆ ಹೊರಗೆ ಮೂಗಿನ ತೂತೇ ಇಲ್ಲ, ಬಾಯಿ ಅಂಚಿಂದಲೇ ಉಸಿರಾಡೋದು.

ದಾರ ಸಡಿಲ ಇದ್ರೆ ಮೊಂಡು ತುದಿಯ ಕತ್ತರೀಲಿ ಕತ್ತರಿಸಿ. ಮಾಂಸಕ್ಕೆ ಇಳಿದಿದ್ರೆ ಬಿಡಿ, ಅದು ಡಾಕ್ಟರ್ ಕೆಲಸ. ಬಾಯಿಂದ ದಾರ ನೇತಾಡ್ತಿದ್ರೆ ಗಾಳ ಹೊಟ್ಟೆಯೊಳಗಿದೆ ಅಂತಲೇ ತಿಳ್ಕೊಳ್ಳಿ, ಎರಡು ಗೇಣು ಬಿಟ್ಟು ಕತ್ತರಿಸಿ, ಪೂರ್ತಿ ಕತ್ತರಿಸಿದ್ರೆ ತುದಿ ಒಳಗೆ ಹೋಗಿ ಆಮೇಲೆ ಹುಡುಕೋಕೂ ಆಗಲ್ಲ.

ಬಿಡಿಸಿದ ತಕ್ಷಣ ಸಮುದ್ರಕ್ಕೆ ಬಿಡೋರೇ ಜಾಸ್ತಿ, ಇದು ನಂಗೆ ತುಂಬಾ ಬೇಜಾರು ತರಿಸೋ ವಿಷ್ಯ, ಯಾಕಂದ್ರೆ ರಕ್ತ ಹರೀದೇ ಇದ್ದ ಕಾಲು ರೆಕ್ಕೆ ಆಮೇಲೆ ಕೊಳೀಬಹುದು, ದಡಕ್ಕೆ ಬಂದಿದ್ದೇ ಅದಕ್ಕೆ ತ್ರಾಣ ಇಲ್ಲ ಅನ್ನೋದಕ್ಕೆ ಗುರುತು. ತೂತು ಮಾಡಿದ ರಟ್ಟಿನ ಡಬ್ಬದಲ್ಲಿಟ್ಟು ನೆರಳಲ್ಲಿ, ಸದ್ದಿಲ್ಲದ ಕಡೆ ಇಡಿ. ನೀರು ಹೊಯ್ಯಬೇಡಿ, ಶ್ವಾಸಕೋಶಕ್ಕೆ ಹೋಗುತ್ತೆ. ಮೀನೂ ಬೇಡ. ಅರಣ್ಯ ಇಲಾಖೆಗೆ ಫೋನ್ ಮಾಡಿ, ಹತ್ತಿರದ ವಲಯ ಕಚೇರಿ ನಂಬರ್ ಮೊದಲೇ ಸೇವ್ ಮಾಡ್ಕೊಂಡಿರಿ. ಮನೇಲಿ ಸಾಕೋಕೆ 1972ರ ವನ್ಯಜೀವಿ ಕಾಯ್ದೆ ಬಿಡಲ್ಲ.

ಎಷ್ಟೋ ಹಕ್ಕಿ ಮೈಮೇಲೆ ಒಂದೆಳೆ ದಾರನೂ ಇರಲ್ಲ, ಬಡಕಲಾಗಿ ಎದೆಮೂಳೆ ಮಾತ್ರ ಚಾಕು ಥರ ಎದ್ದಿರುತ್ತೆ. ಅಂಥದ್ರ ಹೊಟ್ಟೇಲಿ ಪ್ಲಾಸ್ಟಿಕ್ ಇರಬಹುದು ಅಂತ ಡಾಕ್ಟರಿಗೆ ಹೇಳಿ. ಸಮುದ್ರದಲ್ಲಿ ತೇಲೋ ಪ್ಲಾಸ್ಟಿಕ್ ಮೇಲೆ ಪಾಚಿ ಬೆಳೆದು ಡೈಮಿಥೈಲ್ ಸಲ್ಫೈಡ್ ಅನ್ನೋ ಗಂಧಕದ ಅನಿಲದ ವಾಸನೆ ಬರುತ್ತೆ, ವಾಸನೆ ಹಿಡಿದು ಊಟ ಹುಡುಕೋ ಕಡಲಹಕ್ಕಿಗಳಾದ ಶಿಯರ್‌ವಾಟರ್‌ಗಳಿಗೆ ಅದು ಊಟದ ವಾಸನೆನೇ. ಆಸ್ಟ್ರೇಲಿಯಾದ ಲಾರ್ಡ್ ಹೋವ್ ದ್ವೀಪದಲ್ಲಿ ಫ್ಲೆಶ್‌-ಫುಟೆಡ್ ಶಿಯರ್‌ವಾಟರ್ ಮರಿಗಳ ಹೊಟ್ಟೆಗೋಡೆ ಪ್ಲಾಸ್ಟಿಕ್ ಉಜ್ಜಿ ಉಜ್ಜಿ ಗಾಯದ ಕಲೆಗಟ್ಟಿದ್ದು ನೋಡಿ 2023ರಲ್ಲಿ ವಿಜ್ಞಾನಿಗಳು ಅದನ್ನ ಪ್ಲಾಸ್ಟಿಕೋಸಿಸ್ ಅಂತ ಕರೆದ್ರು. ಇದೇ ಜಾತಿ ನಮ್ಮ ಅರಬ್ಬಿ ಸಮುದ್ರಕ್ಕೂ ಬರುತ್ತೆ.

ಕತ್ತರಿಸಿದ ದಾರ ಮರಳಲ್ಲೇ ಬಿಡಬೇಡಿ, ಇನ್ನೊಂದು ಹಕ್ಕಿ ಕಾದಿರುತ್ತೆ. ಬೆರಳುದ್ದ ಚೂರು ಮಾಡಿ ಬಾಟಲಿಗೆ ತುಂಬಿ, ಮುಚ್ಚಳ ಬಿಗಿದು ಕಸಕ್ಕೆ ಕೊಡಿ. ಹಕ್ಕಿ ಸತ್ತೇ ಹೋಗಿದ್ರೆ ಹಕ್ಕಿಜ್ವರದ ಭಯ ಇರೋದ್ರಿಂದ ಬರಿಗೈಲಿ ಮುಟ್ಟಬೇಡಿ, ಫೋಟೋ ತೆಗೆದು ಲೊಕೇಶನ್ ಸಮೇತ ಇಲಾಖೆಗೆ ಕಳ್ಸಿ, ಕಾಲಲ್ಲಿ ವಿಜ್ಞಾನಿಗಳು ಗುರುತಿಗೆ ಹಾಕಿದ ಉಂಗುರ ಇದ್ರೆ ಅದರ ಮೇಲಿನ ಅಕ್ಷರ, ನಂಬರ್ ಸರಿಯಾಗಿ ಬರ್ಕೊಳ್ಳಿ.